ಅಡಿಕೆ ತೋಟದ ಹುಲ್ಲು: ಮದ್ದು ಬಿಡುವ ಮೊದಲು ತಿಳಿದಿರಬೇಕಾದ ವಿಷಯಗಳು

ಪುತ್ತೂರು: ಮಳೆ ಹಿಡಿದು ಕೆಲವೇ ವಾರಗಳಲ್ಲಿ ಅಡಿಕೆ ತೋಟದ ಹುಲ್ಲು ಮೊಣಕಾಲಿಗೆ ಬರುತ್ತದೆ. ತೆಗೆಸೋಣ ಅಂದರೆ ಜನ ಸಿಕ್ಕುವುದಿಲ್ಲ, ಸಿಕ್ಕಿದರೂ ಸಂಬಳ ಕೊಟ್ಟು ಪೂರೈಸುವುದಿಲ್ಲ. ಒಂದು ಕ್ಯಾನ್ ಮದ್ದು ತಂದು ಬಿಟ್ಟರೆ ಕೆಲಸ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ಆದರೆ ಹತ್ತಾರು ವರ್ಷ ನಿಲ್ಲುವ ಬೆಳೆಯಲ್ಲಿ ಕಳೆಯ ಲೆಕ್ಕ ಗದ್ದೆಯ ಹಾಗಲ್ಲ.

ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು?

ಅಡಿಕೆಯ ಬೇರು ಹೆಚ್ಚಾಗಿ ಬುಡದ ಹತ್ತಿರ, ಮೇಲ್ಮಣ್ಣಿನಲ್ಲೇ ಇರುತ್ತದೆ. ಅಲ್ಲಿ ಕಳೆ ಬೆಳೆದರೆ ಮರಕ್ಕೆ ಹಾಕಿದ ಗೊಬ್ಬರ ಕಳೆಯ ಪಾಲು. ಹಾಗಾಗಿ ಬುಡದ ಸುತ್ತ ಸುಮಾರು ಒಂದು ಮೀಟರ್ ಕೈಯಲ್ಲಿ ಕಿತ್ತು ಚೊಕ್ಕ ಇಡಬೇಕು. ಹಾರೆ ಆಳಕ್ಕೆ ಹಾಕಿದರೆ ಬೇರು ತುಂಡಾಗುತ್ತದೆ.

ಸಾಲಿನ ನಡುವಿನ ಹುಲ್ಲನ್ನು ಕತ್ತರಿಸಿದರೆ ಸಾಕು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ಇಳಿಜಾರಿನ ತೋಟ ಬೋಳಾದರೆ ಮೇಲ್ಮಣ್ಣು ನೀರಿನ ಜೊತೆ ತೋಡಿಗೆ ಹೋಗುತ್ತದೆ, ಬೇರು ಮೇಲೆ ಬರುತ್ತದೆ.

ಬ್ರಷ್ ಕಟ್ಟರ್ ಬಳಸುವಾಗ

ಹುಲ್ಲು ಹೂ ಬಿಟ್ಟು ಬೀಜ ಉದುರಿಸುವ ಮೊದಲೇ ಕತ್ತರಿಸಬೇಕು. ಕತ್ತರಿಸಿದ್ದನ್ನು ಅಲ್ಲೇ ಬಿಟ್ಟರೆ ಗೊಬ್ಬರವಾಗುತ್ತದೆ. ಬ್ಲೇಡ್ ಮಾತ್ರ ಮರಕ್ಕೆ ತಾಗಬಾರದು. ಮಾವು, ಹಲಸಿನ ತೊಗಟೆಯ ಗಾಯ ನಿಧಾನಕ್ಕೆ ಮುಚ್ಚುತ್ತದೆ, ಅಡಿಕೆ ಕಾಂಡದ ಗಾಯ ಹಾಗೆ ಮುಚ್ಚುವುದಿಲ್ಲ. ಕಲ್ಲು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು.

ತುಂಗೆ ಗಡ್ಡೆ, ಗರಿಕೆ ಇದ್ದರೆ ಒಂದು ಸಲ ಕತ್ತರಿಸಿ ಪ್ರಯೋಜನವಿಲ್ಲ, ನೆಲದೊಳಗಿಂದ ಮತ್ತೆ ಚಿಗುರುತ್ತವೆ. ಗಡ್ಡೆ, ಬೇರು ಸಮೇತ ತೆಗೆಯಬೇಕು, ಇಲ್ಲವೇ ಚಿಗುರಿದ ಹಾಗೆಲ್ಲ ಕತ್ತರಿಸಿ ಸೊರಗಿಸಬೇಕು.

ಮದ್ದಿನ ವಿಷಯ

ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಇಳಿದು ಗಿಡವನ್ನೇ ಕೊಲ್ಲುತ್ತದೆ. ಗಾಳಿಗೆ ಹಾರಿ ಅಡಿಕೆ ಸಸಿಯ ಹಸಿರು ಭಾಗಕ್ಕೆ ಬಿದ್ದರೆ ಸಸಿಗೂ ಅದೇ ಗತಿ. ದೇಶದಲ್ಲಿ ಇದಕ್ಕೆ ಅನುಮತಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಆ ಪಟ್ಟಿಯಲ್ಲಿ ಅಡಿಕೆ ಇಲ್ಲ. ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಬಿಟ್ಟು ಬೇರೆ ಯಾರೂ ಇದನ್ನು ಬಳಸಬಾರದು ಎಂದು ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿಗೆ ಸೇರಿಸಿತು.

ಪ್ಯಾರಾಕ್ವಾಟ್ ತಾಗಿದ ಹಸಿರನ್ನಷ್ಟೇ ಸುಡುತ್ತದೆ, ಗಡ್ಡೆ ಹಾಗೇ ಉಳಿಯುತ್ತದೆ. ಆದರೆ ಮನುಷ್ಯನ ಹೊಟ್ಟೆಗೆ ಒಂದು ಗುಟುಕು ಹೋದರೂ ಜೀವಕ್ಕೆ ಅಪಾಯ. ಶ್ವಾಸಕೋಶ ಹಾಳಾಗುತ್ತದೆ, ಇದಕ್ಕೆ ಪ್ರತಿವಿಷ ಇಲ್ಲ. ಪಕ್ಕದ ಕೇರಳ 2011ರಲ್ಲೇ ಇದನ್ನು ನಿಷೇಧಿಸಿದೆ. ಯಾವ ಮದ್ದನ್ನೂ ಕುಡಿಯುವ ನೀರಿನ ಬಾಟಲಿಗೆ ಹಾಕಿಡಬೇಡಿ. ಅಪ್ಪಿತಪ್ಪಿ ಯಾರಾದರೂ ಕುಡಿದರೆ ಕ್ಯಾನ್ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಆಗ ಯಾವ ವಿಷ ಅಂತ ಡಾಕ್ಟರಿಗೆ ಕೂಡಲೇ ಗೊತ್ತಾಗುತ್ತದೆ.

ನೆರಳೇ ಮದ್ದು

ಹೆಚ್ಚಿನ ಕಳೆಗಳಿಗೆ ಬಿಸಿಲು ಬೇಕು. ಅದಕ್ಕೇ ಎಳೆ ತೋಟದಲ್ಲಿ ಹುಲ್ಲು ಜಾಸ್ತಿ, ಮರ ಎದ್ದ ಮೇಲೆ ಕಡಿಮೆ. ಮೊದಲ ಕೆಲವು ವರ್ಷ ನಡುವೆ ಬಾಳೆ ಹಾಕಿದರೆ ನೆರಳೂ ಆಯಿತು, ಆದಾಯವೂ ಆಯಿತು. ರಬ್ಬರ್ ತೋಟದಲ್ಲಿ ಬೆಳೆಸುವ ಮುಕುನಾ ಬಳ್ಳಿಯೂ ನೆಲ ಮುಚ್ಚುತ್ತದೆ, ಆದರೆ ಸಸಿಗೆ ಹಬ್ಬದಂತೆ ಆಗಾಗ ಸವರುತ್ತಿರಬೇಕು. ಸೋಗೆ, ಸೊಪ್ಪನ್ನು ಬುಡಕ್ಕೆ ಹಾಸಿದರೆ ಅಲ್ಲಿ ಹೊಸ ಕಳೆ ಏಳುವುದು ಕಡಿಮೆ.

ನಿಮ್ಮ ತೋಟದ ಕಳೆ ಯಾವುದೆಂದು ಗೊತ್ತಾಗದಿದ್ದರೆ ಒಂದು ಗಿಡವನ್ನು ಬೇರು ಸಮೇತ ಕಿತ್ತು ಕೃಷಿ ವಿಜ್ಞಾನ ಕೇಂದ್ರಕ್ಕೋ, ವಿಟ್ಲದ ಸಿಪಿಸಿಆರ್‌ಐ ಕೇಂದ್ರಕ್ಕೋ ಒಯ್ದು ತೋರಿಸಿ. ಮದ್ದಿನ ಅಂಗಡಿಗೆ ಹೋಗುವುದು ಅದರ ನಂತರ ಇರಲಿ.