ಹಾಡಿನ ಬೆನ್ನಿಗೆ ಹರಟೆ: ಆನ್‌ಲೈನ್ ಸಂಗೀತ ಹಂಚಿಕೆಯ ಮೊದಲ ದಿನಗಳು

ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಯಾರ್ಕೊ ಓಯ್ಕರಿನೆನ್ ರೂಪಿಸಿದ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆ, ಊರು ದೇಶ ಬೇರೆಯಾದ ಅಪರಿಚಿತರನ್ನು ಹರಟೆಗೆ ಕೂಡಿಸಿತು. ಅಲ್ಲಿ ಓಡಾಡುತ್ತಿದ್ದುದು ಹೆಚ್ಚಾಗಿ ಅಕ್ಷರ. ಆ ಕಾಲದ ತಂತಿಗೆ ಹಾಡು ತೀರಾ ಭಾರ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ತಜ್ಞರು ಬೆಳೆಸಿದ ಎಂಪಿ3 ಈ ತೊಡಕನ್ನು ಬಿಡಿಸಿತು. ಕಿವಿ ಹೇಗೂ ಗುರುತಿಸದ ಸದ್ದನ್ನು ಕೈಬಿಟ್ಟು, ಸಿಡಿಯ ಹಾಡನ್ನು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಸುವುದು ಅದರ ಉಪಾಯ. ನಾಲ್ಕು ನಿಮಿಷದ ಹಾಡು ನಾಲ್ಕು ಎಂಬಿಯೊಳಗೆ ಅಡಗಿತು. ಮೋಡೆಮ್‌ನಲ್ಲಿ ಅದನ್ನು ಇಳಿಸಿಕೊಳ್ಳಲು ಹತ್ತು ನಿಮಿಷಕ್ಕೂ ಹೆಚ್ಚು ಕಾಯಬೇಕಿತ್ತು; ಕಾಯುವಾಗ ಮಾತಿಗೆ ಬಿಡುವೂ ಸಿಗುತ್ತಿತ್ತು.

ಹಾಡು, ಹರಟೆ ಎರಡನ್ನೂ ಒಂದೇ ಪರದೆಗೆ ತಂದದ್ದು 1999ರ ಜೂನಿನಲ್ಲಿ ಹೊರಬಂದ ನ್ಯಾಪ್‌ಸ್ಟರ್. ಅದನ್ನು ಕಟ್ಟಿದ ಶಾನ್ ಫ್ಯಾನಿಂಗ್ ಮತ್ತು ಶಾನ್ ಪಾರ್ಕರ್ ಇಬ್ಬರಿಗೂ ಪರಿಚಯವಾದದ್ದೇ ಐಆರ್‌ಸಿಯಲ್ಲಿ. ಹಾಡುಗಳು ನ್ಯಾಪ್‌ಸ್ಟರ್‌ನ ಸರ್ವರಿನಲ್ಲಿ ಇರುತ್ತಿರಲಿಲ್ಲ. ಯಾರ ಕಂಪ್ಯೂಟರಿನಲ್ಲಿ ಏನಿದೆ ಎಂಬ ಪಟ್ಟಿಯಷ್ಟೇ ಅಲ್ಲಿ. ಹಾಡು ಬರುತ್ತಿದ್ದುದು ನೇರವಾಗಿ ಇನ್ನೊಬ್ಬ ಕೇಳುಗನಿಂದ. ಅವನು ಸಂಪರ್ಕ ಕಡಿದರೆ ಅವನ ಹಾಡುಗಳೂ ಪಟ್ಟಿಯಿಂದ ಮಾಯ. ಮುಂದೆ ಬಂದ ಮೊಕದ್ದಮೆಗಳ ಗದ್ದಲದಲ್ಲಿ ಮರೆಯಾದ ಸಂಗತಿಯೆಂದರೆ, ಅಲ್ಲಿ ಒಬ್ಬರ ಸಂಗ್ರಹವನ್ನು ಇಡಿಯಾಗಿ ಜಾಲಾಡಬಹುದಿತ್ತು, ರುಚಿ ಹೊಂದಿದರೆ ಅವರಿಗೇ ಸಂದೇಶ ಕಳಿಸಬಹುದಿತ್ತು. ಪುಕ್ಕಟೆ ಹಾಡಿನಷ್ಟೇ ಈ ಒಡನಾಟವೂ ಜನರನ್ನು ಸೆಳೆದಿರಬೇಕು.

1999ರ ಡಿಸೆಂಬರಿನಲ್ಲಿ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳೂ, 2000ದ ಏಪ್ರಿಲಿನಲ್ಲಿ ಮೆಟಾಲಿಕ ಸಂಗೀತ ತಂಡವೂ ನ್ಯಾಪ್‌ಸ್ಟರ್ ವಿರುದ್ಧ ನ್ಯಾಯಾಲಯಕ್ಕೆ ಹೋದವು. ಪಟ್ಟಿ ಒಂದೇ ಕಡೆ ಇದ್ದದ್ದು ನ್ಯಾಪ್‌ಸ್ಟರ್‌ಗೆ ಮುಳುವಾಯಿತು. 2001ರ ಜುಲೈಯಲ್ಲಿ ಸೇವೆ ನಿಂತಿತು.

ನ್ಯಾಪ್‌ಸ್ಟರ್‌ನಲ್ಲಿ ಪ್ರೋಗ್ರಾಮರ್ ಆಗಿದ್ದ ನೀರ್ ಅರ್ಬೆಲ್ ಶುರುಮಾಡಿದ ಸೋಲ್‌ಸೀಕ್ ಎಂಬ ಹಂಚಿಕೆ ಜಾಲ ಮಾತ್ರ ಇವತ್ತಿಗೂ ಉಳಿದಿದೆ. ಎಲೆಕ್ಟ್ರಾನಿಕ್ ಸಂಗೀತದ ಹುಚ್ಚಿನವರಿಂದ ಬೆಳೆದ ಅದರಲ್ಲಿ ಚಾಟ್ ಕೋಣೆಗಳೇ ಜೀವಾಳ. ತನ್ನ ಹಾಡುಗಳನ್ನು ತೆರೆದಿಡದೆ ಬರೀ ಬಾಚಿಕೊಳ್ಳುವವನನ್ನು ಇತರರು ತಡೆಹಿಡಿಯುವುದು ಅಲ್ಲಿನ ವಾಡಿಕೆ.

2011ರ ಟರ್ನ್‌ಟೇಬಲ್.ಎಫ್ಎಂ ತಾಣ ಪರವಾನಗಿ ಪಡೆದೇ ಹಾಡಿನ ಜೊತೆ ಹರಟೆಯ ಸುಖ ಕೊಡಲು ನೋಡಿತು. ಒಂದೊಂದು ಕೋಣೆಯಲ್ಲಿ ಐವರವರೆಗೆ ಸರದಿಯ ಮೇಲೆ ಹಾಡು ಹಾಕುವರು. ಉಳಿದವರು ಕೇಳುತ್ತ, ಚಾಟ್ ಮಾಡುತ್ತ, ಮತ ಹಾಕುವರು. ಪರವಾನಗಿಯ ಕಟ್ಟಿನಿಂದ ಅದೇ ವರ್ಷ ಅಮೆರಿಕದ ಹೊರಗಿನವರಿಗೆ ಬಾಗಿಲು ಮುಚ್ಚಿತು, 2013ರ ಕೊನೆಗೆ ಸೇವೆಯೇ ನಿಂತಿತು. ಹಾಡಿನ ಜೊತೆ ಮಾತಿನ ಈ ಸೆಳೆತ ಅಲ್ಲಿಗೆ ಮುಗಿಯಲಿಲ್ಲ: ಸ್ಟ್ರೀಮಿಂಗ್ ಸೇವೆ ಸ್ಪಾಟಿಫೈ ತನ್ನಲ್ಲಿದ್ದ ಸಂದೇಶ ಸೌಲಭ್ಯವನ್ನು ಬಳಸುವವರಿಲ್ಲವೆಂದು 2017ರಲ್ಲಿ ತೆಗೆದುಹಾಕಿ, 2025ರಲ್ಲಿ ಮತ್ತೆ ತಂದಿತು.