ಮಳೆಮಾಪಕದಿಂದ ಬಾವಿಯ ಗೋಡೆಗೆ: ಪುಣೆಯಲ್ಲಿ ಪರಿಸರದ ನೌಕರಿ

ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ತೆರೆದು, ಒಳಗಿನ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಪಾತ್ರೆಗೆ ಸುರಿದು, ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಅಂಕಿ ಬರೆದುಕೊಳ್ಳಬೇಕು. ಪುಣೆಯಲ್ಲಿ ಪರಿಸರ ವಿಜ್ಞಾನದ ನೌಕರಿ ಬೆಳೆದದ್ದು ಇಂಥ ಅಂಕಿಗಳ ಮೇಲೆ. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂತು. ಶಿವಾಜಿನಗರದ ಆ ಕಟ್ಟಡ ಜನರ ಬಾಯಲ್ಲಿ ಈಗಲೂ ‘ಸಿಮ್ಲಾ ಆಫೀಸ್’. 1932ರಲ್ಲಿ ಕೃಷಿ ಹವಾಮಾನ ವಿಭಾಗ ಶುರುವಾಯಿತು, 1962ರಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆ ಹುಟ್ಟಿತು. ಭೌತಶಾಸ್ತ್ರ, ಗಣಿತ ಓದಿದವರಿಗೆ ಮುಂಗಾರೇ ಉದ್ಯೋಗವಾಯಿತು.

ಆ ಸಂಸ್ಥೆಯಲ್ಲಿ ಕೆಲಕಾಲ ದುಡಿದ ಪುಣೆಯ ಸುಲೋಚನಾ ಗಾಡ್ಗೀಳ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಪಾವಗಡ ಸೀಮೆಯ ರೈತರೊಂದಿಗೆ ಕೂತು, ಮಳೆಯಾಶ್ರಿತ ಕಡಲೆಕಾಯಿಯನ್ನು ಯಾವಾಗ ಬಿತ್ತಿದರೆ ನಷ್ಟದ ಭಯ ಕಡಿಮೆ ಎಂಬುದನ್ನು ದಶಕಗಳ ಮಳೆ ಲೆಕ್ಕದಿಂದ ಹುಡುಕಿದರು. ಈ ಕ್ಷೇತ್ರಕ್ಕೆ ಬರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಈ ಕೆಲಸದ ಬಗ್ಗೆಯೇ. ರೈತನ ಪ್ರಶ್ನೆ ಹಿಡಿದು ಹೊರಟ ವಿಜ್ಞಾನ ಅದು.

ಕಾಡಿನ ನೌಕರಿ ಇದಕ್ಕಿಂತ ಹಳೆಯದು. ದಾಪೋಡಿಯ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವೈದ್ಯ ಅಲೆಕ್ಸಾಂಡರ್ ಗಿಬ್ಸನ್ 1847ರಲ್ಲಿ ಮುಂಬೈ ಪ್ರಾಂತ್ಯದ ಅರಣ್ಯ ಸಂರಕ್ಷಕರಾದರು. ಧಾರವಾಡ, ಬೆಳಗಾವಿ ಆಗ ಅದೇ ಪ್ರಾಂತ್ಯದಲ್ಲಿದ್ದವು. ಇಂದಿನ ಭಾರತೀಯ ಅರಣ್ಯ ಸೇವೆ 1966ರದು. ಒಂದು ಎಚ್ಚರಿಕೆ: ಆ ಸೇವೆಯ ಪರೀಕ್ಷೆಗೆ ಬೇಕಾದ ಪದವಿಗಳ ಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಮುಂತಾದವು ಇವೆ, ಪರಿಸರ ವಿಜ್ಞಾನದ ಹೆಸರಿಲ್ಲ. ಪಿಯುಸಿ ಮುಗಿಸಿದವರು ಬಿ.ಎಸ್ಸಿ. ವಿಷಯ ಆರಿಸುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಆಮೇಲೆ ಕಾನೂನುಗಳು ನೌಕರಿ ಸೃಷ್ಟಿಸಿದವು. 1974ರ ಜಲ ಕಾಯ್ದೆಯಿಂದ ಮಾಲಿನ್ಯ ನಿಯಂತ್ರಣ ಮಂಡಳಿಗಳಲ್ಲಿ, 1994ರ ಪರಿಸರ ಪರಿಣಾಮ ಅಧಿಸೂಚನೆಯಿಂದ ಖಾಸಗಿ ಸಲಹಾ ಕಂಪನಿಗಳಲ್ಲಿ ಕೆಲಸ ಹುಟ್ಟಿತು. ಆದರೆ ಈ ಕಂಪನಿಗಳಲ್ಲಿ ವರದಿಗೆ ದುಡ್ಡು ಕೊಡುವವನು ಯೋಜನೆಯ ಮಾಲೀಕ. ಇದ್ದ ಝರಿಯನ್ನು ‘ಇದೆ’ ಎಂದು ಬರೆಯುವ ಗಟ್ಟಿತನವಿಲ್ಲದವರು ಆ ಕೆಲಸಕ್ಕೆ ಹೋಗಬಾರದು. ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯ ಪೀಠವೂ ಪುಣೆಯಲ್ಲಿರುವುದರಿಂದ ಕಾನೂನು ಓದಿದವರಿಗೂ ಇಲ್ಲಿ ದಾರಿಯಿದೆ.

ಪಾಠ ಹೇಳುವ ಕೆಲಸ ಬಂದದ್ದು ನ್ಯಾಯಾಲಯದಿಂದ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪದವಿ ತರಗತಿಗಳಿಗೆ ಯುಜಿಸಿ ತಂದ ಪಠ್ಯಪುಸ್ತಕ ಬರೆದವರು ಪುಣೆಯ ಶಸ್ತ್ರವೈದ್ಯ ಎರಾಚ್ ಭರೂಚಾ. ಭಾರತಿ ವಿದ್ಯಾಪೀಠದ ಪರಿಸರ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಪ್ರಕಾಶ ಗೋಳೆಯವರು 1982ರಲ್ಲಿ ಆರಂಭಿಸಿದ ಇಕಾಲಾಜಿಕಲ್ ಸೊಸೈಟಿಯಲ್ಲಿ ಬೇರೆ ವೃತ್ತಿಯವರೂ ನಿಸರ್ಗ ನಿರ್ವಹಣೆ ಕಲಿತರು.

ಉತ್ತರ ಕರ್ನಾಟಕದವರಿಗೆ ಪುಣೆ ಹೆಚ್ಚು ಕಲಿಸಬಲ್ಲದ್ದು ಅಂತರ್ಜಲವನ್ನು. ವಿಜಯಪುರ, ಕಲಬುರಗಿ, ಬೀದರ್‌ಗಳ ಕೆಳಗಿರುವುದೂ ಪುಣೆಯ ಕೆಳಗಿರುವುದೂ ಅದೇ ದಖನ್ನಿನ ಕರಿಕಲ್ಲು. ಹಿಮಾಂಶು ಕುಲಕರ್ಣಿಯವರ ಅಕ್ವಾಡಮ್ ಸಂಸ್ಥೆ ಈ ಕಲ್ಲಿನ ನೀರನ್ನು ಓದುವುದನ್ನು ಕಲಿಸುತ್ತಾ ಬಂದಿದೆ. ಬಾವಿಯ ದಡದಲ್ಲಿ ನಿಂತು ಟೇಪ್ ಇಳಿಬಿಡಬೇಕು. ತುದಿ ನೀರಿಗೆ ತಾಗಿದಾಗ ಆಳ ಬರೆದುಕೊಳ್ಳಬೇಕು. ಬಳಿಕ ಗೋಡೆಯ ಚಿತ್ರ: ಮೇಲೆ ಮಣ್ಣು, ಕೆಳಗೆ ಪುಡಿಯಾದ ಮೊರಂ, ಅದರಡಿ ಗಟ್ಟಿ ಕಲ್ಲು, ನಡುವೆ ನೀರು ಜಿನುಗುವ ಬಿರುಕು. ಹೀಗೆ ಊರಿನ ಬಾವಿಗಳನ್ನೆಲ್ಲ ಜೋಡಿಸಿ ನೋಡಿದರೆ ಯಾರ ಬೋರ್‌ವೆಲ್ ಯಾರ ನೀರನ್ನು ಎಳೆಯುತ್ತಿದೆ ಎಂಬುದು ಕಾಣತೊಡಗುತ್ತದೆ. ವಾಟರ್‌ಶೆಡ್ ಆರ್ಗನೈಸೇಷನ್ ಟ್ರಸ್ಟ್, ಮಣಿಭಾಯಿ ದೇಸಾಯಿ 1967ರಲ್ಲಿ ಉರುಳಿಕಾಂಚನದಲ್ಲಿ ಸ್ಥಾಪಿಸಿದ, ನಮ್ಮ ತಿಪಟೂರಿನಲ್ಲೂ ನೆಲೆಯೂರಿದ ಬೈಫ್ ಸಂಸ್ಥೆ — ಇವಕ್ಕೆಲ್ಲ ಇಂಥ ಕ್ಷೇತ್ರಕಾರ್ಯ ಬಲ್ಲವರು ಬೇಕು.

‘ಕೆಲಸ ಗ್ಯಾರಂಟಿನಾ?’ ಎಂದು ಅಪ್ಪ-ಅಮ್ಮ ಕೇಳುತ್ತಾರೆ. ಸುಳ್ಳು ಹೇಳಲಾರೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಿದಾಗ, ರೈತರಿಗೆ ವಾರಕ್ಕೆರಡು ಬಾರಿ ಸಲಹೆ ಬರೆಯುತ್ತಿದ್ದ ತರುಣರು ಕೆಲಸ ಕಳೆದುಕೊಂಡರು. ರೈತರಿಗೆ ಆ ಸಲಹೆಯ ಅಗತ್ಯವೇನೂ ತಪ್ಪಿರಲಿಲ್ಲ.