ಬ್ಲಫ್

ಪೋಕರ್ ಇಸ್ಪೀಟಾಟದಲ್ಲಿ ದುರ್ಬಲ ಎಲೆಗಳನ್ನು ಹಿಡಿದ ಆಟಗಾರ, ತನ್ನ ಕೈ ಬಲವಾಗಿದೆ ಎಂದು ನಂಬಿಸಲು ಪಣ ಕಟ್ಟುವ ತಂತ್ರ. ಎದುರಾಳಿಗಳು ಆಟ ಬಿಟ್ಟುಕೊಟ್ಟರೆ, ನಡುವೆ ಕೂಡಿದ ಪಣದ ಮೊತ್ತ, ಅಂದರೆ ಪಾಟ್, ಎಲೆ ತೋರಿಸದೆಯೇ ಅವನದಾಗುತ್ತದೆ. ಮುಂದೆ ಬೀಳುವ ಎಲೆಯಿಂದ ಕೈ ಬಲಗೊಳ್ಳುವ ಸಾಧ್ಯತೆ ಉಳಿದಿದ್ದರೆ ಅದು ಅರೆ ಬ್ಲಫ್, ಹೆಚ್ಚು ಸುರಕ್ಷಿತ.

ಲೆಕ್ಕ: ಪಾಟ್ 1,000 ಇದ್ದಾಗ 500 ಕಟ್ಟಿದರೆ, ಮೂರು ಸಲದಲ್ಲಿ ಒಮ್ಮೆ ಎದುರಾಳಿ ಹಿಂದೆ ಸರಿದರೂ ನಷ್ಟವಿಲ್ಲ. 1,000 ಕಟ್ಟಿದರೆ ಎರಡು ಸಲದಲ್ಲಿ ಒಮ್ಮೆಯಾದರೂ ಸರಿಯಬೇಕು.

ಸೂಕ್ತ ಸಂದರ್ಭ: ಎದುರಿಗೆ ಒಬ್ಬರೋ ಇಬ್ಬರೋ ಮಾತ್ರ ಉಳಿದಿರುವಾಗ, ಅವರು ಎಚ್ಚರಿಕೆಯಿಂದ ಆಡುವವರಾದಾಗ, ಮೊದಲಿನಿಂದ ಕಟ್ಟಿದ ಪಣಗಳು ಬಲವಾದ ಕೈಯ ಕಥೆಯನ್ನೇ ಹೇಳುತ್ತಿರುವಾಗ.

ಸಲ್ಲದ ಸಂದರ್ಭ: ಏನೇ ಬಂದರೂ ಆಟ ಬಿಡದವರ ಎದುರು, ಹಲವರು ಕಣದಲ್ಲಿರುವಾಗ, ಎದುರಾಳಿ ತನ್ನ ಹಣದ ಬಹುಪಾಲನ್ನು ಆಗಲೇ ಪಾಟ್‌ಗೆ ಹಾಕಿರುವಾಗ, ಸೋತ ಸಿಟ್ಟಿನಲ್ಲಿ.

ಪ್ರಸಿದ್ಧ ನಿದರ್ಶನ: 2003ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಅಂತಿಮ ಹಣಾಹಣಿ. ಕ್ರಿಸ್ ಮನಿಮೇಕರ್ ಬಳಿ ಇದ್ದದ್ದು ಇಸ್ಪೇಟ್ ರಾಜ, ಆಟೀನ್ ಏಳು. ಮೇಜಿನ ಮೇಲೆ, ಎಲ್ಲರಿಗೂ ಸೇರಿದ ಎಲೆಗಳಲ್ಲಿ, ಮೂರು ಇಸ್ಪೇಟ್ ಇದ್ದವು; ಇನ್ನೊಂದು ಬಿದ್ದರೆ ಐದು ಇಸ್ಪೇಟ್‌ಗಳ ಬಲವಾದ ಕೈ. ಕೊನೆಯ ಎಲೆ ಆಟೀನ್ ಮೂರು ಬಿದ್ದು ಅವರ ಕೈ ಕೂಡಲಿಲ್ಲ. ಆದರೂ ಅವರು ಇದ್ದಬದ್ದದ್ದನ್ನೆಲ್ಲ ಪಣಕ್ಕಿಟ್ಟರು. ಒಂಬತ್ತರ ಜೋಡಿ ಹಿಡಿದಿದ್ದ ಸ್ಯಾಮಿ ಫಾರ್ಹಾ ಬಹಳ ಹೊತ್ತು ಯೋಚಿಸಿ ಎಲೆ ಕೆಳಗಿಟ್ಟರು. ಕೊನೆಗೆ ಪ್ರಶಸ್ತಿಯೂ 25 ಲಕ್ಷ ಡಾಲರ್ ಬಹುಮಾನವೂ ಮನಿಮೇಕರ್ ಪಾಲಾದವು. ಮೂರು ಇಸ್ಪೇಟ್‌ಗಳೇ ಆ ಬ್ಲಫ್ ಅನ್ನು ನಂಬುವಂತೆ ಮಾಡಿದ್ದವು: ಧೈರ್ಯಕ್ಕಿಂತ ಹೊಂದಿಕೆಯಾಗುವ ಕಥೆಯೇ ಬ್ಲಫ್‌ನ ಜೀವಾಳ.